ಹಳೆಯ ವಿದ್ಯಾರ್ಥಿಗಳ ಪರಿಷತ್ತು: ಪಟ್ಟಿಯಲ್ಲಿ ಆರು ಸಮಿತಿ, ಕೆಲಸದಲ್ಲಿ ಎರಡು. ಸರಿಪಡಿಸುವುದು ಹೇಗೆ?

ಹೊಸಕಾರ್ಯದರ್ಶಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಕಾಲೇಜಿನ ಹಳೆಯ ವಿದ್ಯಾರ್ಥಿಗಳ ಪರಿಷತ್ತಿನ ಕಾರ್ಯದರ್ಶಿ ಹೊಣೆ ಈ ಅವಧಿಗೆ ನನ್ನದು. ಪರಿಷತ್ತಿನಲ್ಲಿ 24 ಸ್ಥಾನ, ವರ್ಷಕ್ಕೆ ನಾಲ್ಕು ಸಭೆ. ಅದರಡಿ ಆರು ಸಮಿತಿ: ಸಂಪರ್ಕ, ಪುನರ್ಮಿಲನ, ನಿಧಿ, ವಿದ್ಯಾರ್ಥಿ ಮಾರ್ಗದರ್ಶನ, ಪ್ರಶಸ್ತಿ, ನಾಮನಿರ್ದೇಶನ. ಪುನರ್ಮಿಲನ ಮತ್ತು ಪ್ರಶಸ್ತಿ ಸಮಿತಿಗಳು ಕೆಲಸ ಮಾಡುತ್ತವೆ, ಉಳಿದ ನಾಲ್ಕು ವರದಿಯಲ್ಲಿ ಮಾತ್ರ ಇವೆ. ಎಲ್ಲರೂ ಸ್ವಯಂಸೇವಕರು, ಎಲ್ಲರಿಗೂ ತಮ್ಮ ತಮ್ಮ ಉದ್ಯೋಗ ಇದೆ. ಕಾಲೇಜಿನ ಕಡೆಯಿಂದ ಒಬ್ಬ ಸಿಬ್ಬಂದಿ ಅರ್ಧ ಸಮಯ ಕೊಡುತ್ತಾರೆ.

ತಿಳಿಯಬೇಕಾದದ್ದು ಇಷ್ಟು:

1. ಸಮಿತಿಯಲ್ಲಿ ಎಷ್ಟು ಜನ ಇರಬೇಕು, ಅವಧಿ ಎಷ್ಟು, ಸಭೆ ಹೇಗೆ ನಡೆಸಬೇಕು?
2. ವಿಳಾಸ ಪಟ್ಟಿ ಮೂರು ಕಡೆ ಮೂರು ಥರ ಇದೆ. ಒಂದು ಮಾಡುವುದು ಹೇಗೆ?
3. ಪುನರ್ಮಿಲನಕ್ಕೆ ಜನ ಬರುತ್ತಾರೆ, ಆದರೂ ಲೆಕ್ಕ ಪ್ರತಿ ಸಲ ಕೊರತೆಯಲ್ಲೇ ಮುಗಿಯುತ್ತದೆ. ಯಾಕೆ?
4. ವಿದ್ಯಾರ್ಥಿವೇತನದ ದತ್ತಿಗೆ ದಾನಿಗಳು ಮುಂದೆ ಬಂದಿದ್ದಾರೆ. ಒಪ್ಪಿಕೊಳ್ಳುವ ಮೊದಲು ಏನು ಬರೆದಿಡಬೇಕು?

ನಡಾವಳಿ

ಮೊದಲ ಪ್ರಶ್ನೆ ನಾನು ತೆಗೆದುಕೊಳ್ಳುತ್ತೇನೆ.

ಸಮಿತಿ ನಿಂತುಹೋದಾಗ ಜನರಿಗೆ ಆಸಕ್ತಿ ಇಲ್ಲ ಎಂದು ಬೇಗ ತೀರ್ಮಾನಿಸುತ್ತೇವೆ. ಹೆಚ್ಚಿನ ಕಡೆ ನೋಡಿದರೆ ಆ ಸಮಿತಿ ಏನು ಮಾಡಬೇಕು ಎಂದು ಯಾರೂ ಬರೆದುಕೊಟ್ಟಿರುವುದೇ ಇಲ್ಲ. ಹೆಸರು ಮಾತ್ರ ಇರುತ್ತದೆ. ಸಂಚಾಲಕರು ಮೊದಲ ಸಭೆ ಕರೆಯುತ್ತಾರೆ, ಒಂದು ಗಂಟೆ ವಿಚಾರ ವಿನಿಮಯ ಆಗುತ್ತದೆ, ಎರಡನೇ ಸಭೆಗೆ ಅರ್ಧ ಜನ, ಮೂರನೆಯದು ಮುಂದೂಡಿಕೆ. ಹಾಗಾಗಿ ಬೈಲಾ ತಿದ್ದುಪಡಿಗೆ ಕೈ ಹಾಕುವ ಮೊದಲು ಪ್ರತಿ ಸಮಿತಿಗೆ ಒಂದು ಪುಟದ ಕಾರ್ಯಾದೇಶ ಬರೆಯಿರಿ. ಅದರಲ್ಲಿ ಇರಬೇಕಾದದ್ದು: ಈ ವರ್ಷ ಮುಗಿಸಬೇಕಾದ ಎರಡು ಅಥವಾ ಮೂರು ಕೆಲಸ, ಪ್ರತಿಯೊಂದಕ್ಕೂ ತಾರೀಖು, ಖರ್ಚಿನ ಮಿತಿ, ತಾನೇ ತೀರ್ಮಾನಿಸಬಹುದಾದ ವಿಷಯ ಯಾವುದು, ಪರಿಷತ್ತಿಗೆ ಶಿಫಾರಸು ಮಾತ್ರ ಮಾಡಬೇಕಾದದ್ದು ಯಾವುದು. ಕೊನೆಯದು ಬಹಳ ಮುಖ್ಯ. ಜಗಳಗಳಲ್ಲಿ ಹೆಚ್ಚಿನವು ಹುಟ್ಟುವುದು, ಸಮಿತಿ ತೀರ್ಮಾನ ಮಾಡಿ ಜನರಿಗೆ ಹೇಳಿಬಿಟ್ಟ ಮೇಲೆ ಪರಿಷತ್ತು ಅದನ್ನು ಬದಲಾಯಿಸಿದಾಗ.

"ಹಳೆಯ ವಿದ್ಯಾರ್ಥಿಗಳೊಂದಿಗೆ ಬಾಂಧವ್ಯ ಬೆಳೆಸುವುದು" ಎಂದು ಬರೆದರೆ ಅದು ಕೆಲಸವಲ್ಲ. "2005ರಿಂದ 2010ರವರೆಗಿನ ಬ್ಯಾಚ್‌ಗಳಲ್ಲಿ ವಿಳಾಸ ಇಲ್ಲದವರ ಪೈಕಿ ಅರ್ಧ ಜನರನ್ನು ಹುಡುಕುವುದು, ಡಿಸೆಂಬರ್ ಒಳಗೆ" ಎಂದು ಬರೆದರೆ ಕೆಲಸ. ಮುಗಿಯಿತೋ ಇಲ್ಲವೋ ಎಂದು ಡಿಸೆಂಬರ್‌ನಲ್ಲಿ ಯಾರು ಬೇಕಾದರೂ ನೋಡಿ ಹೇಳಬಹುದು.

ಸಂಖ್ಯೆ: ಸಮಿತಿಗೆ ಐದರಿಂದ ಏಳು ಜನ. ಮೂರೇ ಜನರಿದ್ದರೆ ಒಬ್ಬರಿಗೆ ಊರು ಬದಲಾದಾಗ ಸಮಿತಿಯೇ ಇಲ್ಲವಾಗುತ್ತದೆ. ಹತ್ತು ದಾಟಿದರೆ ಎಲ್ಲರಿಗೂ ಹೊಂದುವ ಸಮಯ ಹುಡುಕುವುದರಲ್ಲೇ ತಿಂಗಳು ಕಳೆಯುತ್ತದೆ, ಜೊತೆಗೆ ಪ್ರತಿಯೊಬ್ಬರೂ ಇನ್ನೊಬ್ಬರು ಮಾಡುತ್ತಾರೆ ಎಂದುಕೊಳ್ಳುತ್ತಾರೆ. ಸಂಚಾಲಕರು ಪರಿಷತ್ತಿನ ಸದಸ್ಯರೇ ಆಗಿರಲಿ, ಉಳಿದವರಲ್ಲಿ ಕನಿಷ್ಠ ಅರ್ಧದಷ್ಟು ಹೊರಗಿನ ಹಳೆಯ ವಿದ್ಯಾರ್ಥಿಗಳಾಗಿರಲಿ. ಮುಂದಿನ ಪರಿಷತ್ತಿಗೆ ಯಾರನ್ನು ಕರೆಯಬೇಕು ಎಂಬ ಪ್ರಶ್ನೆಗೆ ಉತ್ತರ ಅಲ್ಲೇ ಸಿಗುತ್ತದೆ, ಯಾಕೆಂದರೆ ಅವರ ಕೆಲಸವನ್ನು ಕಣ್ಣಾರೆ ಕಂಡಿರುತ್ತೀರಿ. ಉಪಸಂಚಾಲಕರನ್ನು ಮೊದಲ ದಿನವೇ ನೇಮಿಸಿ.

ಅವಧಿ: ಮೂರು ವರ್ಷ, ಸತತವಾಗಿ ಎರಡೇ ಅವಧಿ, ಆಮೇಲೆ ಕನಿಷ್ಠ ಒಂದು ವರ್ಷ ಬಿಡುವು. 24 ಸ್ಥಾನಗಳನ್ನು ಎಂಟೆಂಟರ ಮೂರು ಗುಂಪು ಮಾಡಿ, ಪ್ರತಿ ವರ್ಷ ಎಂಟು ಸ್ಥಾನ ತೆರವಾಗುವಂತೆ ನೋಡಿಕೊಳ್ಳಿ. ಎಲ್ಲರೂ ಒಟ್ಟಿಗೆ ಬದಲಾದರೆ ಹಿಂದಿನ ತೀರ್ಮಾನಗಳ ಕಾರಣ ಗೊತ್ತಿರುವವರು ಒಬ್ಬರೂ ಉಳಿಯುವುದಿಲ್ಲ. ಮೊದಲ ಸಲ ಚೀಟಿ ಎತ್ತಿ ಎಂಟು ಜನಕ್ಕೆ ಒಂದು ವರ್ಷ, ಎಂಟು ಜನಕ್ಕೆ ಎರಡು, ಎಂಟು ಜನಕ್ಕೆ ಮೂರು ಎಂದು ಹಂಚಬೇಕು. ಒಂದು ವರ್ಷದ ಚೀಟಿ ಬಂದವರಿಗೆ ಅದನ್ನು ಪೂರ್ಣ ಅವಧಿ ಎಂದು ಲೆಕ್ಕ ಹಿಡಿಯಬಾರದು ಎಂದು ಅದೇ ಠರಾವಿನಲ್ಲಿ ಬರೆಯಿರಿ. ಬರೆಯದಿದ್ದರೆ ನಾಲ್ಕು ವರ್ಷದ ನಂತರ ಈ ಪ್ರಶ್ನೆ ಖಂಡಿತ ಏಳುತ್ತದೆ.

ಕೋರಂ (ಸಭೆ ನಡೆಸಲು ಬೇಕಾದ ಕನಿಷ್ಠ ಹಾಜರಾತಿ) ಬಗ್ಗೆ ಬೈಲಾ ತೆಗೆದು ನೋಡಿ. "ಸದಸ್ಯರ ಅರ್ಧಕ್ಕಿಂತ ಹೆಚ್ಚು" ಎಂದಿದ್ದರೆ ಒಟ್ಟು ಸ್ಥಾನಗಳೋ, ಭರ್ತಿಯಾಗಿರುವ ಸ್ಥಾನಗಳೋ ಎಂಬುದು ಸ್ಪಷ್ಟವಿರಬೇಕು. 24ರಲ್ಲಿ ಐದು ಖಾಲಿ ಇದ್ದರೆ ಒಂದು ಲೆಕ್ಕದಲ್ಲಿ 13 ಜನ ಬೇಕು, ಇನ್ನೊಂದು ಲೆಕ್ಕದಲ್ಲಿ 10 ಸಾಕು. ಮಾಜಿ ಅಧ್ಯಕ್ಷರು, ಪ್ರಾಂಶುಪಾಲರು ಮುಂತಾದ ಪದನಿಮಿತ್ತ ಸದಸ್ಯರಿಗೆ ಮತ ಇದೆಯೇ, ಅವರನ್ನು ಕೋರಂಗೆ ಎಣಿಸಬೇಕೇ ಎಂಬುದನ್ನೂ ಬರೆಯಿರಿ. ಆನ್‌ಲೈನ್‌ನಲ್ಲಿ ಹಾಜರಾದವರ ಮತದ ವಿಷಯವೂ ಹಾಗೇ.

ಇನ್ನು ಸಭೆ. ಆರು ಸಮಿತಿ ಹದಿನೈದು ನಿಮಿಷದಂತೆ ವರದಿ ಓದಿದರೆ ಒಂದೂವರೆ ಗಂಟೆ ಹೋಯಿತು, ಅಷ್ಟರಲ್ಲಿ ಒಂದು ತೀರ್ಮಾನವೂ ಆಗಿರುವುದಿಲ್ಲ. ವರದಿಗಳು ಬರಹದಲ್ಲಿ, ಒಂದು ಪುಟ ಮೀರದಂತೆ, ಸಭೆಗೆ ಏಳು ದಿನ ಮೊದಲು ಎಲ್ಲರ ಕೈ ಸೇರಲಿ. ಹಿಂದಿನ ನಡಾವಳಿ, ವರದಿಗಳು, ವಾಡಿಕೆಯ ಮಂಜೂರಾತಿಗಳನ್ನು ಒಂದೇ ಕಟ್ಟು ಮಾಡಿ ಒಂದೇ ಠರಾವಿನಲ್ಲಿ ಅಂಗೀಕರಿಸಿ. ಯಾರಾದರೂ ಒಂದು ಅಂಶವನ್ನು ಚರ್ಚೆಗೆ ಬೇಕೆಂದರೆ ಅದನ್ನು ಮಾತ್ರ ಕಟ್ಟಿನಿಂದ ಹೊರತೆಗೆಯಿರಿ. ಉಳಿದ ಸಮಯವೆಲ್ಲ ತೀರ್ಮಾನ ಬೇಕಾದ ಎರಡು ಮೂರು ವಿಷಯಕ್ಕೆ. ಕಷ್ಟದ ವಿಷಯ ಮೊದಲು ಬರಲಿ, ಯಾಕೆಂದರೆ ಕೊನೆಗೆ ಇಟ್ಟರೆ ಅರ್ಧ ಜನ ಎದ್ದು ಹೋಗಿರುತ್ತಾರೆ, ಕೋರಂ ಕೂಡ ಹೋಗಿರುತ್ತದೆ.

ನಡಾವಳಿಯಲ್ಲಿ ಯಾರು ಏನೆಂದರು ಎಂಬ ವಿವರ ಬೇಡ. ತೀರ್ಮಾನ, ಸೂಚಕರು, ಅನುಮೋದಕರು, ಹೊಣೆ ಹೊತ್ತವರು, ಮುಗಿಸಬೇಕಾದ ತಾರೀಖು. ಕರಡು ಮೂರು ದಿನದೊಳಗೆ ಹೋಗಬೇಕು, ನೆನಪು ಇನ್ನೂ ಹಸಿಯಾಗಿರುವಾಗಲೇ ತಿದ್ದುಪಡಿಗಳು ಬರುತ್ತವೆ.

ನಾಮನಿರ್ದೇಶನ ಸಮಿತಿಗೆ ಒಂದು ನಿಯಮ ಸಾಕು: ಅದರ ಸದಸ್ಯರು ಆ ವರ್ಷ ಯಾವ ಸ್ಥಾನಕ್ಕೂ ಅಭ್ಯರ್ಥಿಯಾಗುವಂತಿಲ್ಲ. ಸರ್ವಸದಸ್ಯರ ಸಭೆಗೆ ನಾಲ್ಕು ತಿಂಗಳು ಮೊದಲೇ ಅದು ಕೆಲಸ ಶುರು ಮಾಡಬೇಕು. ಮೊದಲು ಈಗಿನ ಪರಿಷತ್ತಿನ ಕೋಷ್ಟಕ ಹಾಕಿ: ಯಾವ ದಶಕದ ಬ್ಯಾಚ್, ಯಾವ ವಿಭಾಗ, ಮಹಿಳೆಯರು ಎಷ್ಟು, ಊರಿನಿಂದ ಹೊರಗಿರುವವರು ಎಷ್ಟು, ಲೆಕ್ಕಪತ್ರ, ಕಾನೂನು ಬಲ್ಲವರು ಯಾರು. ಕೋಷ್ಟಕ ನೋಡಿದಾಗ ಖಾಲಿ ಕಾಣುವ ಜಾಗಕ್ಕೆ ಜನ ಹುಡುಕಿ. ಅದಿಲ್ಲದಿದ್ದರೆ ಈಗಿರುವವರ ಸ್ನೇಹಿತರ ಹೆಸರೇ ಬರುತ್ತದೆ, ಹತ್ತು ವರ್ಷದಲ್ಲಿ ಪರಿಷತ್ತು ಎರಡು ಮೂರು ಬ್ಯಾಚ್‌ಗಳ ಬಳಗ ಆಗಿಬಿಡುತ್ತದೆ.

ಪಟ್ಟಿಪಾಲಕ

ಎರಡನೇ ಪ್ರಶ್ನೆಗೆ ಉದ್ದ ಉತ್ತರವೇ ಬೇಕು. ಉಳಿದ ಸಮಿತಿಗಳೆಲ್ಲ ಈ ಪಟ್ಟಿಯ ಮೇಲೆ ನಿಂತಿವೆ. ಪಟ್ಟಿ ಕೆಟ್ಟಿದ್ದರೆ ಪುನರ್ಮಿಲನದ ಆಹ್ವಾನ ತಲುಪುವುದಿಲ್ಲ, ನಿಧಿಯ ಮನವಿ ತಲುಪುವುದಿಲ್ಲ, ಮತದಾನದ ಪಟ್ಟಿಯ ಮೇಲೆ ತಕರಾರು ಬರುತ್ತದೆ.

ಮೂರು ಪಟ್ಟಿಗಳನ್ನು ನೇರವಾಗಿ ಒಂದರ ಕೆಳಗೆ ಒಂದು ಅಂಟಿಸಬೇಡಿ. ಮೊದಲು ಮೂಲ ಯಾವುದು ಎಂದು ನಿರ್ಧರಿಸಿ. ಕಾಲೇಜಿನ ದಾಖಲಾತಿ ರಿಜಿಸ್ಟರಿನಿಂದ ಬಂದ ಹೆಸರುಗಳೇ ಮೂಲ, ಯಾಕೆಂದರೆ ಅಲ್ಲಿ ಓದಿದವರೆಲ್ಲರ ಹೆಸರೂ ಇರುತ್ತದೆ. ಸದಸ್ಯತ್ವದ ಪಟ್ಟಿ ಮತ್ತು ಪುನರ್ಮಿಲನದ ನೋಂದಣಿ ಪಟ್ಟಿಗಳನ್ನು ಅದಕ್ಕೆ ಹೊಂದಿಸುತ್ತಾ ಹೋಗಬೇಕು. ಪ್ರತಿ ವ್ಯಕ್ತಿಗೂ ಒಂದು ಕ್ರಮಸಂಖ್ಯೆ ಕೊಡಿ. ಅದು ಒಮ್ಮೆ ಕೊಟ್ಟರೆ ಮುಗಿಯಿತು, ಬದಲಾಗುವಂತಿಲ್ಲ, ಇನ್ನೊಬ್ಬರಿಗೆ ಹೋಗುವಂತಿಲ್ಲ. ಫೋನ್ ನಂಬರನ್ನೋ ಇಮೇಲನ್ನೋ ಗುರುತಾಗಿ ಬಳಸಿದರೆ ಅದು ಬದಲಾದ ದಿನ ಒಬ್ಬರೇ ಇಬ್ಬರಾಗುತ್ತಾರೆ.

ಕಾಲಂಗಳು: ಕ್ರಮಸಂಖ್ಯೆ, ದಾಖಲೆಯಲ್ಲಿರುವ ಹೆಸರು, ಈಗ ಬಳಸುವ ಹೆಸರು, ಸೇರಿದ ವರ್ಷ, ಮುಗಿಸಿದ ವರ್ಷ, ಕೋರ್ಸು ಮತ್ತು ವಿಭಾಗ, ಇಮೇಲ್, ಫೋನ್, ಈಗಿನ ಊರು, ಮಾಹಿತಿ ಎಲ್ಲಿಂದ ಬಂತು, ಕೊನೆಯ ಬಾರಿ ಖಚಿತಪಡಿಸಿದ ತಾರೀಖು, ಸಂಪರ್ಕಕ್ಕೆ ಒಪ್ಪಿಗೆ ಇದೆಯೇ, ಸ್ಥಿತಿ. ಸ್ಥಿತಿಗೆ ನಾಲ್ಕೇ ಆಯ್ಕೆ: ಸಂಪರ್ಕದಲ್ಲಿದ್ದಾರೆ, ವಿಳಾಸ ಸಿಕ್ಕಿಲ್ಲ, ಸಂಪರ್ಕ ಬೇಡ ಎಂದಿದ್ದಾರೆ, ತೀರಿಕೊಂಡಿದ್ದಾರೆ. ಕೊನೆಯದನ್ನು ಅತ್ಯಂತ ಜೋಪಾನವಾಗಿ ನಿಭಾಯಿಸಿ. ಸುದ್ದಿ ಬಂದ ದಿನವೇ ನಮೂದಾಗಬೇಕು, ಆದರೆ ಇಬ್ಬರು ಬ್ಯಾಚ್‌ಮೇಟ್‌ಗಳು ಅಥವಾ ಮನೆಯವರು ಖಚಿತಪಡಿಸಿದ ಮೇಲೆ. ತೀರಿಕೊಂಡವರ ಮನೆಗೆ ದೇಣಿಗೆ ಮನವಿ ಹೋದರೆ ಆ ಕುಟುಂಬಕ್ಕೆ ಆಗುವ ನೋವನ್ನು ಯಾವ ಕ್ಷಮಾಪಣೆ ಪತ್ರವೂ ಸರಿಪಡಿಸುವುದಿಲ್ಲ. ಬದುಕಿರುವವರನ್ನು ತೀರಿಕೊಂಡವರ ಪಟ್ಟಿಗೆ ಸೇರಿಸಿದರೂ ಅಷ್ಟೇ.

ಸೇರಿದ ವರ್ಷ, ಮುಗಿಸಿದ ವರ್ಷ ಎರಡೂ ಏಕೆ ಎಂದರೆ, "98ರ ಬ್ಯಾಚ್" ಎಂದಾಗ ಕೆಲವರು ಸೇರಿದ ವರ್ಷ ಹೇಳುತ್ತಾರೆ, ಕೆಲವರು ಮುಗಿಸಿದ್ದು. ನೋಂದಣಿ ಫಾರಂನಲ್ಲಿ "ಬ್ಯಾಚ್" ಎಂಬ ಒಂದೇ ಖಾನೆ ಇದ್ದರೆ ಎರಡೂ ಕಲಸಿಹೋಗುತ್ತವೆ, ಆಮೇಲೆ ಬೇರ್ಪಡಿಸಲು ಪ್ರತಿಯೊಬ್ಬರಿಗೂ ಫೋನ್ ಮಾಡಬೇಕು.

ನಕಲುಗಳನ್ನು ಹುಡುಕುವಾಗ ಹೆಸರೊಂದನ್ನೇ ನಂಬಬೇಡಿ. ಇನಿಷಿಯಲ್ ಒಂದು ಕಡೆ ಮುಂದೆ, ಇನ್ನೊಂದು ಕಡೆ ಹಿಂದೆ ಇರುತ್ತದೆ. ಒಂದೇ ಹೆಸರನ್ನು ರೋಮನ್ ಲಿಪಿಯಲ್ಲಿ ನಾಲ್ಕು ಥರ ಬರೆದಿರುತ್ತಾರೆ. ಮದುವೆಯ ನಂತರ ಹೆಸರು ಬದಲಾಗಿರುತ್ತದೆ. ಹೆಸರು ಹೋಲುತ್ತಿದ್ದು, ಫೋನ್ ಅಥವಾ ಇಮೇಲ್ ಜೊತೆಗೆ ಮುಗಿಸಿದ ವರ್ಷವೂ ಒಂದೇ ಆಗಿದ್ದರೆ ಕೂಡಿಸಿ. ಹೆಸರು ಮತ್ತು ವರ್ಷ ಮಾತ್ರ ಹೊಂದಿದರೆ ಮನುಷ್ಯರ ಕಣ್ಣಿಗೆ ಬಿಡಿ. ಫೋನ್, ಇಮೇಲ್ ಒಂದೇ ಇದ್ದು ಹೆಸರು ಪೂರ್ತಿ ಬೇರೆ ಇದ್ದರೆ ಅವರು ಗಂಡ ಹೆಂಡತಿ ಇರಬಹುದು, ಅಣ್ಣ ತಂಗಿ ಇರಬಹುದು, ಕೂಡಿಸಬೇಡಿ. ಕೂಡಿಸುವ ಮೊದಲು ಮೂರೂ ಮೂಲ ಫೈಲುಗಳ ಪ್ರತಿಯನ್ನು ತಾರೀಖು ಹಾಕಿ ಬೇರೆ ಜಾಗದಲ್ಲಿ ಇಟ್ಟುಕೊಳ್ಳಿ.

ವಿಳಾಸ ಸಿಗದವರನ್ನು ಹುಡುಕುವ ಕೆಲಸ ಬ್ಯಾಚ್ ಪ್ರತಿನಿಧಿಗಳದ್ದು. ಇಡೀ ಬ್ಯಾಚಿನ ಪಟ್ಟಿ ಕೊಟ್ಟು "ತಿದ್ದಿ ಕೊಡಿ" ಎಂದರೆ ಅದು ಹಾಗೇ ಉಳಿಯುತ್ತದೆ. ಹದಿನೈದು ಹೆಸರು, ಎರಡು ವಾರ ಎಂದರೆ ಮಾಡುತ್ತಾರೆ. ಅವರಿಗೆ ಮೂಲ ಫೈಲ್ ತಿದ್ದುವ ಅಧಿಕಾರ ಕೊಡಬೇಡಿ. ತಿದ್ದುಪಡಿಗಳು ಫಾರಂ ಮೂಲಕ ಬರಲಿ, ಸಂಪರ್ಕ ಸಮಿತಿಯ ಇಬ್ಬರು ಮಾತ್ರ ಮೂಲಕ್ಕೆ ಹಾಕಲಿ. ಒಂದು ಕಾಲಂ ಮಾತ್ರ ಆಯ್ಕೆ ಮಾಡಿ ಅಕಾರಾದಿ ಜೋಡಿಸಿದರೆ ಒಬ್ಬರ ಹೆಸರಿನ ಪಕ್ಕ ಇನ್ನೊಬ್ಬರ ನಂಬರ್ ಕೂರುತ್ತದೆ. ಹತ್ತು ಜನರ ಕೈಯಲ್ಲಿ ಫೈಲ್ ಇದ್ದರೆ ಇದು ಆಗಿಯೇ ಆಗುತ್ತದೆ, ಬೆಳಕಿಗೆ ಬರುವಾಗ ತಿಂಗಳು ಕಳೆದಿರುತ್ತದೆ.

ವಾಟ್ಸಾಪ್ ಗುಂಪನ್ನೇ ಪಟ್ಟಿ ಎಂದುಕೊಂಡವರು ಬಹಳ. ಒಂದು ಗುಂಪಿಗೆ 1024 ಜನರ ಮಿತಿ ಇದೆ, ಎಲ್ಲರ ನಂಬರೂ ಎಲ್ಲರಿಗೂ ಕಾಣುತ್ತದೆ, ಹಿಂದಿನ ಸಂದೇಶ ಹುಡುಕುವುದು ಕಷ್ಟ. ಬ್ಯಾಚ್ ಮಟ್ಟದ ಹರಟೆಗೆ, ತುರ್ತು ಸುದ್ದಿಗೆ ಅದು ಒಳ್ಳೆಯದೇ. ಪರಿಷತ್ತಿನ ಅಧಿಕೃತ ನೋಟಿಸು ಅದರಲ್ಲಿ ಮಾತ್ರ ಹೋಗಬಾರದು.

ಇಮೇಲ್ ಬಗ್ಗೆ: ವೈಯಕ್ತಿಕ ಜಿಮೇಲ್ ಖಾತೆಯಿಂದ ದಿನಕ್ಕೆ 500 ಜನಕ್ಕಿಂತ ಹೆಚ್ಚಿಗೆ ಕಳಿಸಲಾಗದು. ಮಿತಿ ದಾಟಿದರೆ ಖಾತೆಯಿಂದ ಕಳಿಸುವುದೇ ತಾತ್ಕಾಲಿಕವಾಗಿ ನಿಲ್ಲುತ್ತದೆ. ಸಂಘದ ಸ್ವಂತ ಡೊಮೈನ್ (ಸಂಘದ ಹೆಸರಿನ ಇಂಟರ್ನೆಟ್ ವಿಳಾಸ) ಮತ್ತು ಸಗಟು ಮೇಲ್ ಸೇವೆ ಬಳಸಿ. 2024ರ ಫೆಬ್ರುವರಿಯಿಂದ ಗೂಗಲ್ ಮತ್ತು ಯಾಹೂ ನಿಯಮ ಬಿಗಿ ಮಾಡಿವೆ. ಜಿಮೇಲ್ ವಿಳಾಸಗಳಿಗೆ ದಿನಕ್ಕೆ 5,000ಕ್ಕಿಂತ ಹೆಚ್ಚು ಸಂದೇಶ ಕಳಿಸುವವರಿಗೆ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ (ಸಂದೇಶ ನಿಜಕ್ಕೂ ಆ ಡೊಮೈನಿನಿಂದಲೇ ಬಂದದ್ದು ಎಂದು ತೋರಿಸುವ ವ್ಯವಸ್ಥೆಗಳು) ಮೂರೂ ಕಡ್ಡಾಯ, ಪ್ರಚಾರದ ಸಂದೇಶಗಳಲ್ಲಿ ಒಂದೇ ಕ್ಲಿಕ್ಕಿನಲ್ಲಿ ಪಟ್ಟಿಯಿಂದ ಹೊರಬರುವ ಸೌಲಭ್ಯವೂ ಇರಬೇಕು. ಸ್ಪ್ಯಾಮ್ ಎಂದು ಗುರುತು ಹಾಕುವವರ ಪ್ರಮಾಣ ಶೇ. 0.3 ಮುಟ್ಟಬಾರದು. ಚಿಕ್ಕ ಸಂಘಕ್ಕೆ ದಿನಕ್ಕೆ ಅಷ್ಟು ಸಂದೇಶ ಇರಲಾರದು, ಆದರೂ ಈ ಮೂರನ್ನೂ ಹೊಂದಿಸಿಟ್ಟರೆ ಆಹ್ವಾನ ಸ್ಪ್ಯಾಮ್ ಡಬ್ಬಿಗೆ ಬೀಳುವುದು ಬಹಳ ಕಡಿಮೆಯಾಗುತ್ತದೆ. ತಿರುಗಿ ಬಂದ ವಿಳಾಸಗಳನ್ನು ಪ್ರತಿ ಬಾರಿಯೂ ತೆಗೆಯಿರಿ. ಸತ್ತ ವಿಳಾಸಗಳಿಗೆ ಮತ್ತೆ ಮತ್ತೆ ಕಳಿಸಿದರೆ ಡೊಮೈನಿನ ಹೆಸರೇ ಕೆಡುತ್ತದೆ.

ಡೊಮೈನ್, ವೆಬ್‌ಸೈಟ್, ಮೇಲ್ ಸೇವೆ, ಬ್ಯಾಂಕಿನ ಆನ್‌ಲೈನ್ ಪ್ರವೇಶ, ಇವೆಲ್ಲ ಪದವಿಯ ಹೆಸರಿನ ಇಮೇಲಿಗೆ ಜೋಡಿಸಿರಲಿ, ವ್ಯಕ್ತಿಯ ಸ್ವಂತ ಇಮೇಲಿಗೆ ಬೇಡ. ಡೊಮೈನ್ ನವೀಕರಣದ ಸೂಚನೆ ಮೂರು ವರ್ಷದ ಹಿಂದಿನ ಕಾರ್ಯದರ್ಶಿಯ ಬಳಕೆಯಲ್ಲಿಲ್ಲದ ಮೇಲ್‌ಬಾಕ್ಸಿಗೆ ಹೋಗಿ ಸಂಘದ ವೆಬ್‌ಸೈಟ್ ಬೇರೆಯವರ ಪಾಲಾಗುವುದು ನಡೆಯುತ್ತಲೇ ಇರುತ್ತದೆ.

ಹುಟ್ಟಿದ ದಿನ, ಮನೆ ವಿಳಾಸ, ಗುರುತಿನ ಚೀಟಿ ಸಂಖ್ಯೆ ಇವನ್ನೆಲ್ಲ "ಇರಲಿ" ಎಂದು ಕೇಳಬೇಡಿ. ಬಳಸದ ಮಾಹಿತಿಯನ್ನು ಕಾಯುವ ಹೊಣೆ ಮಾತ್ರ ನಿಮ್ಮ ಮೇಲೆ ಬೀಳುತ್ತದೆ. ಇಡೀ ಪಟ್ಟಿಯನ್ನು ಯಾರಿಗೂ, ಸಂಘದ ಸದಸ್ಯರ ವ್ಯಾಪಾರಕ್ಕೂ, ಕೊಡುವುದಿಲ್ಲ ಎಂದು ಠರಾವು ಮಾಡಿಡಿ. ಕೇಳುವವರು ಹಿರಿಯರಾಗಿರುತ್ತಾರೆ, ಠರಾವು ಇದ್ದರೆ ಇಲ್ಲ ಎನ್ನುವುದು ಸುಲಭ.

ಬ್ಯಾಚ್‌ಬಳಗ

ಮೂರನೆಯದಕ್ಕೆ ಉತ್ತರ ಲೆಕ್ಕದಲ್ಲೇ ಇದೆ. ಸ್ಥಿರ ಖರ್ಚು ಎಂದರೆ ಒಬ್ಬರು ಬಂದರೂ ಸಾವಿರ ಜನ ಬಂದರೂ ಆಗುವಂಥದ್ದು: ಸಭಾಂಗಣ, ಧ್ವನಿವರ್ಧಕ, ವೇದಿಕೆ, ಮುದ್ರಣ. ತಲಾ ಖರ್ಚು ಎಂದರೆ ಊಟ, ಕಿಟ್, ಗುರುತುಪಟ್ಟಿ. ಸ್ಥಿರ ಖರ್ಚನ್ನು, ನೋಂದಣಿ ಶುಲ್ಕದಲ್ಲಿ ತಲಾ ಖರ್ಚು ಕಳೆದು ಉಳಿಯುವ ಮೊತ್ತದಿಂದ ಭಾಗಿಸಿದರೆ ಲೆಕ್ಕ ಸರಿದೂಗಲು ಬೇಕಾದ ಜನಸಂಖ್ಯೆ ಸಿಗುತ್ತದೆ. ಸ್ಥಿರ ಖರ್ಚು 90,000, ಶುಲ್ಕ 800, ತಲಾ ಖರ್ಚು 500 ಇದ್ದರೆ 300 ಜನ ಶುಲ್ಕ ಕೊಡಬೇಕು. 220 ಬಂದರೆ 24,000 ಕೊರತೆ.

ಇಲ್ಲಿ ಸಮಿತಿಗಳು ಮರೆಯುವುದು ಶುಲ್ಕವಿಲ್ಲದ ಅತಿಥಿಗಳನ್ನು. ನಿವೃತ್ತ ಅಧ್ಯಾಪಕರು, ಅವರ ಮನೆಯವರು, ಕಾಲೇಜು ಸಿಬ್ಬಂದಿ, ಸ್ವಯಂಸೇವಕ ವಿದ್ಯಾರ್ಥಿಗಳು ಸೇರಿ 40 ಜನ ಆದರೆ 20,000 ಸ್ಥಿರ ಖರ್ಚಿಗೆ ಸೇರುತ್ತದೆ. ಆಗ 300 ಸಾಲದು, 367 ಬೇಕು. ಅವರನ್ನು ಕರೆಯಲೇಬೇಕು, ಗುರುಗಳಿಲ್ಲದ ಪುನರ್ಮಿಲನಕ್ಕೆ ಅರ್ಥವಿಲ್ಲ. ಆದರೆ ಶುಲ್ಕ ನಿಗದಿ ಮಾಡುವ ದಿನವೇ ಅವರ ಪಾಲು ಲೆಕ್ಕದಲ್ಲಿರಬೇಕು. ಇನ್ನೊಂದು ಸೋರಿಕೆ, ನೋಂದಾಯಿಸದೆ ಆ ದಿನ ನೇರವಾಗಿ ಬರುವವರು. ಸ್ಥಳದಲ್ಲಿ ನೋಂದಣಿಗೆ ಶುಲ್ಕ ಹೆಚ್ಚಿರಲಿ, ಮೊದಲೇ ಪ್ರಕಟಿಸಿ, ಸ್ನೇಹಕ್ಕೆ ಕಟ್ಟುಬಿದ್ದು ಬಿಡಬೇಡಿ.

ದಿನಾಂಕ ಒಂದು ವರ್ಷ ಮೊದಲೇ ನಿಗದಿಯಾಗಲಿ. ಪರೀಕ್ಷೆ ಮತ್ತು ಪ್ರವೇಶಾತಿಯ ವಾರಗಳನ್ನು ಕಾಲೇಜಿನಿಂದ ಬರಹದಲ್ಲಿ ಕೇಳಿಕೊಳ್ಳಿ, ಕೊಠಡಿ ಸಿಗದೆ ಪರದಾಡುವುದು ತಪ್ಪುತ್ತದೆ. ಹೊರದೇಶದಲ್ಲಿರುವವರಿಗೆ ರಜೆ, ಟಿಕೆಟ್ ಹೊಂದಿಸಲು ಆರು ತಿಂಗಳಾದರೂ ಬೇಕು. ನೋಂದಣಿ ಮೂರು ತಿಂಗಳು ಮೊದಲು ತೆರೆಯಿರಿ, ಅದಕ್ಕಿಂತ ಬೇಗ ತೆರೆದರೆ ಯಾರೂ ತುಂಬುವುದಿಲ್ಲ, ಸಮಿತಿಗೆ ಸುಮ್ಮನೆ ಆತಂಕ.

ಜನ ಬರುವುದು ಪೋಸ್ಟರ್ ನೋಡಿ ಅಲ್ಲ. "ನೀನು ಬರ್ತೀಯಾ?" ಎಂದು ಅದೇ ಬೆಂಚಿನ ಗೆಳೆಯರು ಕೇಳಿದರೆ ಬರುತ್ತಾರೆ. ಕೊನೆಯ ಆರು ವಾರ ಫೋನ್ ಕರೆಗೆ ಮೀಸಲಿಡಿ, ಒಬ್ಬರಿಗೆ ಹತ್ತು ಹದಿನೈದು ಹೆಸರಿಗಿಂತ ಹೆಚ್ಚು ಬೇಡ. 5, 10, 25, 50 ವರ್ಷ ತುಂಬುವ ಬ್ಯಾಚ್‌ಗಳಿಗೆ ಪ್ರತ್ಯೇಕ ಗುಂಪು ಮಾಡಿ, ಮುಖ್ಯ ಕಾರ್ಯಕ್ರಮದಲ್ಲಿ ಭಾಷಣ ಕಡಿಮೆ ಮಾಡಿ, ಬ್ಯಾಚ್‌ವಾರು ಕೂರುವ ಕೊಠಡಿಗೆ ಕನಿಷ್ಠ ಎರಡು ಗಂಟೆ ಕೊಡಿ. ಅಷ್ಟು ದೂರದಿಂದ ಬಂದವರಿಗೆ ಬೇಕಾದದ್ದು ಅದೇ.

ನೋಂದಣಿ ಮೇಜುಗಳನ್ನು ಅಕ್ಷರವಾರು ಮಾಡದೆ ಮುಗಿಸಿದ ವರ್ಷವಾರು ಮಾಡಿ, ಸಾಲಿನಲ್ಲಿ ನಿಂತಾಗಲೇ ಗೆಳೆಯರು ಸಿಗುತ್ತಾರೆ. ಎದೆಯ ಗುರುತುಪಟ್ಟಿಯಲ್ಲಿ ಹೆಸರು ಮೂರು ಹೆಜ್ಜೆ ದೂರದಿಂದ ಓದುವಷ್ಟು ದೊಡ್ಡದಿರಲಿ, ಕಾಲೇಜಿನಲ್ಲಿ ಕರೆಯುತ್ತಿದ್ದ ಹೆಸರು, ವರ್ಷ, ವಿಭಾಗ ಇರಲಿ. ಎರಡು ಮುಖಕ್ಕೂ ಮುದ್ರಿಸಿ, ಕೊರಳಪಟ್ಟಿ ತಿರುಗಿಕೊಂಡೇ ಇರುತ್ತದೆ.

ಖಜಾನೆಕೀಲಿ

ನಾಲ್ಕನೆಯದು. ದತ್ತಿ ಸ್ವೀಕರಿಸುವ ಮೊದಲು ಒಂದು ಒಪ್ಪಂದಪತ್ರ ಬೇಕು, ದಾನಿ ಎಷ್ಟೇ ಆಪ್ತರಾದರೂ. ಅದರಲ್ಲಿ: ಮೂಲಧನ ಎಷ್ಟು, ಮೂಲಧನ ಮುಟ್ಟಬಹುದೇ ಇಲ್ಲವೇ, ಯಾವ ಉದ್ದೇಶಕ್ಕೆ, ಅರ್ಹರನ್ನು ಆರಿಸುವವರು ಯಾರು, ಆ ಉದ್ದೇಶ ಮುಂದೊಂದು ದಿನ ಅಸಾಧ್ಯವಾದರೆ ಹಣ ಯಾವ ಹತ್ತಿರದ ಉದ್ದೇಶಕ್ಕೆ ಹೋಗಬೇಕು. ಕೊನೆಯ ಷರತ್ತು ಇಲ್ಲದ ದತ್ತಿಗಳು ಎಷ್ಟೋ ಕಡೆ ಸುಮ್ಮನೆ ಬಿದ್ದಿರುತ್ತವೆ. ವಿಭಾಗವೇ ಮುಚ್ಚಿಹೋಗಿರುತ್ತದೆ, ಆ ವಿಭಾಗದ ಮೊದಲ ರ‍್ಯಾಂಕಿಗೆಂದು ಇಟ್ಟ ಹಣ ಯಾರಿಗೂ ಕೊಡಲಾಗದು.

ದಾನಿ ತಾವೇ ವಿದ್ಯಾರ್ಥಿಯನ್ನು ಆರಿಸುತ್ತೇನೆ ಎಂದರೆ ಒಪ್ಪಬೇಡಿ. ಹೆಸರು ಅವರದಿರಲಿ, ಮಾನದಂಡ ಸೂಚಿಸಲಿ, ಆಯ್ಕೆ ಸಮಿತಿಯದಾಗಿರಲಿ.

ಎಷ್ಟು ಹಂಚಬೇಕು? ಬಂದ ಬಡ್ಡಿಯನ್ನೆಲ್ಲ ಪ್ರತಿ ವರ್ಷ ಹಂಚಿದರೆ ಮೂಲಧನ ಅಂಕಿಯಲ್ಲಿ ಹಾಗೇ ಇರುತ್ತದೆ, ಕಾಲೇಜು ಶುಲ್ಕ ಮಾತ್ರ ಏರುತ್ತಾ ಹೋಗುತ್ತದೆ. ಇಪ್ಪತ್ತು ವರ್ಷದ ನಂತರ ಆ ವಿದ್ಯಾರ್ಥಿವೇತನದಲ್ಲಿ ಪುಸ್ತಕವೂ ಬರುವುದಿಲ್ಲ. ಅದಕ್ಕೆ ದೊಡ್ಡ ವಿಶ್ವವಿದ್ಯಾಲಯಗಳು ಕಳೆದ ಕೆಲವು ವರ್ಷಗಳ ಸರಾಸರಿ ಮೌಲ್ಯದ ಮೇಲೆ ಶೇ. 4ರಿಂದ 5ರಷ್ಟು ಮಾತ್ರ ಖರ್ಚು ಮಾಡುತ್ತವೆ. ಮೂರು ವರ್ಷದ ಕೊನೆಯ ಮೌಲ್ಯ 9,40,000, 10,60,000, 10,00,000 ಇದ್ದರೆ ಸರಾಸರಿ 10,00,000, ಶೇ. 4ರಂತೆ ಹಂಚಿಕೆ 40,000. ಉಳಿದ ಗಳಿಕೆ ಮೂಲಧನಕ್ಕೆ. ಸರಾಸರಿ ಹಿಡಿಯುವುದು ಯಾಕೆಂದರೆ ಒಂದು ಕೆಟ್ಟ ವರ್ಷದಿಂದ ಓದುತ್ತಿರುವ ಮಗುವಿನ ನೆರವು ಅರ್ಧಕ್ಕೆ ಇಳಿಯಬಾರದು. ಇದರ ಜೊತೆಗೆ ಕನಿಷ್ಠ ಮೂಲಧನದ ಮಿತಿ ಇಡಿ. ಚಿಕ್ಕ ಚಿಕ್ಕ ಹದಿನೆಂಟು ದತ್ತಿಗಳಿಗಿಂತ, ಅವೇ ದಾನಿಗಳ ಹೆಸರು ಹೊತ್ತ ಒಂದು ಸಾಮಾನ್ಯ ನಿಧಿ ನಿಭಾಯಿಸುವುದು ಸುಲಭ, ವಿದ್ಯಾರ್ಥಿಗೂ ಲಾಭ.

ಷರತ್ತಿನ ಹಣ, ಷರತ್ತಿಲ್ಲದ ಹಣ ಎರಡಕ್ಕೂ ಲೆಡ್ಜರ್ ಬೇರೆ. ಪುನರ್ಮಿಲನದ ಕೊರತೆಯನ್ನು ವಿದ್ಯಾರ್ಥಿವೇತನದ ಹಣದಿಂದ "ಸದ್ಯಕ್ಕೆ" ತುಂಬುವುದು ಅತಿ ಸಾಮಾನ್ಯವಾದ ತಪ್ಪು. ಅದಕ್ಕೆ ಎಡೆಯೇ ಇರಬಾರದು. ಯಾವ ಸಮಿತಿಯೂ ತನ್ನದೇ ಖಾತೆ ತೆರೆಯುವಂತಿಲ್ಲ, ಸಂಚಾಲಕರ ವೈಯಕ್ತಿಕ ಖಾತೆಗೆ ಶುಲ್ಕ ತರಿಸಿಕೊಳ್ಳುವಂತಿಲ್ಲ, ಒಂದು ದಿನದ ಮಟ್ಟಿಗೂ. ಪಾವತಿಗೆ ಇಬ್ಬರ ಸಹಿ, ಖರ್ಚು ಮಂಜೂರು ಮಾಡುವವರೇ ಪಾವತಿಸುವವರಾಗಿರಬಾರದು, ಬ್ಯಾಂಕ್ ಸ್ಟೇಟ್‌ಮೆಂಟನ್ನು ಲೆಕ್ಕಪುಸ್ತಕದ ಜೊತೆ ಪ್ರತಿ ತಿಂಗಳು ತಾಳೆ ನೋಡುವವರು ಮೂರನೆಯವರು. ಸದಸ್ಯರೊಬ್ಬರ ಸಂಸ್ಥೆಗೆ ಕೆಲಸ ಕೊಡುವ ಪ್ರಶ್ನೆ ಬಂದರೆ ಅವರು ಮೊದಲೇ ಬರಹದಲ್ಲಿ ತಿಳಿಸಬೇಕು, ಚರ್ಚೆ ಮತ್ತು ಮತದ ಹೊತ್ತಿನಲ್ಲಿ ಹೊರಗಿರಬೇಕು, ನಡಾವಳಿಯಲ್ಲಿ ಅದು ದಾಖಲಾಗಬೇಕು.

ನಿಧಿ ಸಮಿತಿಯ ಅಳತೆಗೋಲು ಮೊತ್ತ ಒಂದೇ ಆಗಬಾರದು, ಎಷ್ಟು ಜನ ಕೊಟ್ಟರು ಎಂಬುದೂ ಬೇಕು. ಹಳೆಯ ವಿದ್ಯಾರ್ಥಿಗಳಿಂದ ಪ್ರತಿ ವರ್ಷ ದೇಣಿಗೆ ಕೇಳುವ ಪದ್ಧತಿಯನ್ನು ಅಮೆರಿಕದ ಯೇಲ್ ವಿಶ್ವವಿದ್ಯಾಲಯ 1890ರಲ್ಲೇ ಶುರು ಮಾಡಿತು. ಅದರ ತಿರುಳು ಇವತ್ತಿಗೂ ಬದಲಾಗಿಲ್ಲ: ಬ್ಯಾಚಿನವರೇ ಬ್ಯಾಚಿನವರನ್ನು ಕೇಳಬೇಕು, ಪ್ರತಿ ವರ್ಷ ಕೇಳಬೇಕು, ಚಿಕ್ಕ ಮೊತ್ತಕ್ಕೂ ಅಷ್ಟೇ ಗೌರವ ಇರಬೇಕು. ಶೇಕಡಾವಾರು ಹೇಳುವಾಗ ಛೇದ ಯಾವುದು ಎಂದು ಬರೆಯಿರಿ. 400 ಜನ ಕೊಟ್ಟಿದ್ದು, ಸಂಪರ್ಕದಲ್ಲಿರುವವರು 5,000 ಇದ್ದರೆ ಶೇ. 8. ಓದಿ ಹೋದವರೆಲ್ಲ ಸೇರಿ 9,000 ಇದ್ದರೆ ಶೇ. 4.4. ಅಮೆರಿಕದಲ್ಲಿ ಕಾಲೇಜು ಶ್ರೇಯಾಂಕಕ್ಕೆ ಈ ಶೇಕಡಾವಾರನ್ನು ಬಹುಕಾಲ ಬಳಸುತ್ತಿದ್ದ ಯುಎಸ್ ನ್ಯೂಸ್ 2023ರಲ್ಲಿ ಅದನ್ನು ಕೈಬಿಟ್ಟಿತು. ಸಂಘಕ್ಕೆ ಮಾತ್ರ ಅದು ಈಗಲೂ ಉಪಯುಕ್ತ, ಯಾಕೆಂದರೆ ನಾಲ್ಕು ದೊಡ್ಡ ದಾನಿಗಳು ತುಂಬಿದ ನಿಧಿ ಆ ನಾಲ್ವರು ನಿಂತ ದಿನ ನಿಲ್ಲುತ್ತದೆ.

ಹೊಸಕಾರ್ಯದರ್ಶಿ

ತುಂಬಾ ಧನ್ಯವಾದಗಳು, ಇಷ್ಟು ವಿವರ ನಿರೀಕ್ಷಿಸಿರಲಿಲ್ಲ. ಎರಡು ಉಳಿದಿವೆ. ಮಾರ್ಗದರ್ಶನ ಸಮಿತಿಗೆ ಹೆಸರು ಕೊಟ್ಟವರು ಬಹಳ, ಮುಂದುವರಿದವರು ಕಡಿಮೆ. ಅದನ್ನು ಹೇಗೆ ಕಟ್ಟುವುದು? ಹಾಗೂ ಕೆಲಸವಿಲ್ಲದ ಸಮಿತಿಯನ್ನು ಯಾರಿಗೂ ಬೇಸರವಾಗದಂತೆ ನಿಲ್ಲಿಸುವುದು ಹೇಗೆ?

ಬ್ಯಾಚ್‌ಬಳಗ

ಮಾರ್ಗದರ್ಶನಕ್ಕೆ ಅವಧಿ ಆರು ತಿಂಗಳು, ಭೇಟಿ ಆರು, ಒಬ್ಬ ಮಾರ್ಗದರ್ಶಕರಿಗೆ ಹೆಚ್ಚೆಂದರೆ ಇಬ್ಬರು ವಿದ್ಯಾರ್ಥಿಗಳು. ವೃತ್ತಿ ನೋಡಿ ಜೋಡಿಸುವುದಕ್ಕಿಂತ ವಿದ್ಯಾರ್ಥಿಯ ಪ್ರಶ್ನೆ ನೋಡಿ ಜೋಡಿಸಿ. "ಉನ್ನತ ವ್ಯಾಸಂಗಕ್ಕೆ ಹೋಗಲೋ ಕೆಲಸಕ್ಕೆ ಸೇರಲೋ" ಎಂದು ಕೇಳುವವರಿಗೆ ಎರಡನ್ನೂ ತೂಗಿ ನೋಡಿದವರು ಬೇಕು, ಅವರು ಅದೇ ವಿಭಾಗದವರೇ ಆಗಬೇಕಿಲ್ಲ. ಹೆಚ್ಚಿನ ಜೋಡಿಗಳು ಮುರಿಯುವುದು ಮೊದಲ ಭೇಟಿಗೆ ಮುಂಚೆಯೇ. ವಿದ್ಯಾರ್ಥಿ ಸಂಕೋಚದಿಂದ ಫೋನ್ ಮಾಡುವುದಿಲ್ಲ, ಮಾರ್ಗದರ್ಶಕರು ಅವರೇ ಮಾಡಲಿ ಎಂದು ಕಾಯುತ್ತಾರೆ. ಹಾಗಾಗಿ ಮೊದಲ ಭೇಟಿಯ ದಿನ, ಸಮಯ ಸಮಿತಿಯೇ ಗೊತ್ತುಮಾಡಲಿ, ಎಲ್ಲ ಜೋಡಿಗಳೂ ಅದೇ ಸಂಜೆ ಒಂದೇ ಕಡೆ ಅಥವಾ ಒಂದೇ ಆನ್‌ಲೈನ್ ಕರೆಯಲ್ಲಿ ಭೇಟಿಯಾಗಲಿ. ಮೂರನೇ ವಾರ ಇಬ್ಬರಿಗೂ ಬೇರೆ ಬೇರೆಯಾಗಿ ಫೋನ್ ಮಾಡಿ ವಿಚಾರಿಸಿ, ಹೊಂದದಿದ್ದರೆ ಜೋಡಿ ಬದಲಾಯಿಸಿ. ಕೆಲಸ ಕೊಡಿಸುವುದು ಇದರ ಭಾಗವಲ್ಲ ಎಂದು ವಿದ್ಯಾರ್ಥಿಗೂ ಮಾರ್ಗದರ್ಶಕರಿಗೂ ಮೊದಲೇ ತಿಳಿಸಿ. ಮೊದಲ ಸುತ್ತಿಗೆ ಹದಿನೈದು ಜೋಡಿ ಸಾಕು.

ನಡಾವಳಿ

ಸಮಿತಿ ನಿಲ್ಲಿಸುವ ಪ್ರಶ್ನೆಗೆ: ಯಾವುದನ್ನೂ ರದ್ದು ಮಾಡಬೇಡಿ. ಎಲ್ಲ ಸಮಿತಿಗಳ ಕಾರ್ಯಾದೇಶವೂ ವರ್ಷದ ಕೊನೆಗೆ ತಾನಾಗಿ ಮುಗಿಯುತ್ತದೆ, ಪರಿಷತ್ತು ಹೊಸ ಕೆಲಸಪಟ್ಟಿಯೊಂದಿಗೆ ನವೀಕರಿಸಿದರೆ ಮಾತ್ರ ಮುಂದುವರಿಯುತ್ತದೆ ಎಂದು ಒಂದು ಠರಾವು ಮಾಡಿ. ನಾಮನಿರ್ದೇಶನ ಸಮಿತಿ ಮತ್ತು ಲೆಕ್ಕ ಪರಿಶೀಲನೆಯ ಕೆಲಸ ಮಾತ್ರ ಕಾಯಂ. ಯಾರ ಸಮಿತಿಯನ್ನೂ ಮುಚ್ಚಿದಂತಾಗುವುದಿಲ್ಲ. ಕೊನೆಯ ಸಭೆಯಲ್ಲಿ ಪ್ರತಿ ಸದಸ್ಯರ ಹೆಸರು ಹೇಳಿ ಕೃತಜ್ಞತೆಯ ಠರಾವು ಅಂಗೀಕರಿಸಿ, ಪ್ರತಿಯನ್ನು ಅವರಿಗೆ ಕಳಿಸಿ. ವರ್ಷಗಟ್ಟಲೆ ಹೆಸರು ಕೊಟ್ಟವರಿಗೆ ಇಷ್ಟಾದರೂ ಸಲ್ಲಬೇಕು.

ವರ್ಷದ ವರದಿಗೆ ಒಂದು ಚೌಕಟ್ಟು ಬೇಕಿದ್ದರೆ, ಶಿಕ್ಷಣ ಸಂಸ್ಥೆಗಳ ಈ ಕ್ಷೇತ್ರದಲ್ಲಿ ದುಡಿಯುವ ಕೇಸ್ ಎಂಬ ಅಂತರರಾಷ್ಟ್ರೀಯ ಸಂಸ್ಥೆ ಹಳೆಯ ವಿದ್ಯಾರ್ಥಿಗಳ ಒಡನಾಟವನ್ನು ನಾಲ್ಕು ಬಗೆಯಾಗಿ ಎಣಿಸುತ್ತದೆ: ದೇಣಿಗೆ, ಸ್ವಯಂಸೇವೆ, ಕಾರ್ಯಕ್ರಮಗಳಲ್ಲಿ ಭಾಗವಹಿಸುವಿಕೆ, ಸಂವಹನ. ವ್ಯಕ್ತಿಯನ್ನು ಪ್ರತಿ ಬಗೆಯಲ್ಲಿ ವರ್ಷಕ್ಕೆ ಒಮ್ಮೆ ಮಾತ್ರ ಎಣಿಸಿ. ಇಲ್ಲದಿದ್ದರೆ ಎಲ್ಲ ಕಾರ್ಯಕ್ರಮಕ್ಕೂ ಬರುವ ಅದೇ ಮೂವತ್ತು ಜನ ಮುನ್ನೂರಾಗಿ ಕಾಣುತ್ತಾರೆ.

ಹೊಸಬರಿಗೆ ಹೊಣೆ ಹಸ್ತಾಂತರಿಸುವ ಬಗ್ಗೆ ಪಟ್ಟಿಪಾಲಕ ಅವರು ಅರ್ಧ ಹೇಳಿದ್ದಾರೆ (ಖಾತೆಗಳೆಲ್ಲ ಪದವಿಯ ಇಮೇಲಿಗೆ ಎಂದು), ಉಳಿದರ್ಧ ಹಸ್ತಾಂತರದ ಫೋಲ್ಡರ್. ಪ್ರತಿ ಸಂಚಾಲಕರೂ ಅವಧಿ ಮುಗಿಯುವ ಎರಡು ತಿಂಗಳು ಮೊದಲು ಬಿಟ್ಟುಕೊಡಬೇಕಾದದ್ದು: ಕಾರ್ಯಾದೇಶ, ತಿಂಗಳುವಾರು ಕೆಲಸದ ಪಟ್ಟಿ, ಕಳೆದ ಮೂರು ವರ್ಷದ ಅಂದಾಜು ಮತ್ತು ನಿಜ ಖರ್ಚು ಅಕ್ಕಪಕ್ಕ, ಬಳಸಿದ ಪತ್ರಗಳ ಮಾದರಿ, ಬಾಕಿ ಉಳಿದ ಕೆಲಸ. ಆ ಎರಡು ತಿಂಗಳು ಹೊಸಬರೂ ಹಳಬರೂ ಜೊತೆಯಲ್ಲೇ ಸಭೆಗೆ ಬರಲಿ. ಫೋಲ್ಡರ್ ಕಾರ್ಯದರ್ಶಿಯ ಕೈ ಸೇರಿದ ಮೇಲೆಯೇ ಹೊಣೆ ಬಿಟ್ಟಂತೆ ಎಂದು ಕಾರ್ಯಾದೇಶದ ಕೊನೆಯ ಸಾಲಿನಲ್ಲಿ ಬರೆದುಬಿಡಿ.